ಕದರಮ್ಮನ ತಲಪರಿಗೆ

ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿದ್ದ ಆ ಊರಿನಲ್ಲಿ ನಡುಮಧ್ಯಾಹ್ನದ ಹೊತ್ತು ಯಾರೂ ತಲಪರಿಗೆಯ ಕಡೆ ಹೋಗುತ್ತಿರಲಿಲ್ಲ, ಕದರಮ್ಮ ಒಬ್ಬಳನ್ನು ಬಿಟ್ಟು. ತಲಪರಿಗೆ ಎಂದರೆ ಹಳ್ಳದ ಮರಳಿನಲ್ಲಿ ಆಳುದ್ದ ತೋಡಿದ ಗುಂಡಿ. ತಳದಲ್ಲಿ ಒರತೆ ಇರುತ್ತದೆ. ಅದರ ನೀರು ಇಳಿಜಾರಿನ ಕಿರುಗಾಲುವೆ ಹಿಡಿದು ತಾನಾಗಿಯೇ ಊರಿಗೆ ಬರುತ್ತದೆ. ಏತವೂ ಬೇಡ, ಕಪಿಲೆಯೂ ಬೇಡ. ಆದರೆ ದಿನವೂ ಯಾರಾದರೂ ಇಳಿದು ಜಾರಿಬಿದ್ದ ಮರಳನ್ನು ಎತ್ತಿಹಾಕಲೇಬೇಕು. ಹತ್ತು ದಿನ ಉದಾಸೀನ ಮಾಡಿದರೆ ಒರತೆಯ ಕಣ್ಣು ಮುಚ್ಚಿಹೋಗುತ್ತದೆ.

ಆ ಕೆಲಸ ಮೊದಲು ಅವಳ ಗಂಡ ಬೊಮ್ಮಣ್ಣನದು. ಊರಿನ ನೀರುಗಂಟಿ ಅವನೇ. ದೊಡ್ಡ ಜ್ವರ ಬಂದು ಮನೆಮನೆ ಬರಿದಾದ ವರ್ಷ ಅವನಿಗೆ ಒಂದು ಸೀನೂ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ, ಸೂರ್ಯ ನೆತ್ತಿಯ ಮೇಲಿದ್ದಾಗ, ಗುಂಡಿಯ ದಡ ಕುಸಿದು ಅವನ ಮೇಲೆ ಬಿತ್ತು. ಅಂಬಲಿ ತಂದ ಕದರಮ್ಮನಿಗೆ ಕಂಡದ್ದು ಮರಳಿನಿಂದ ಚಾಚಿಕೊಂಡಿದ್ದ ಸಲಿಕೆಯ ಕಾವು ಮಾತ್ರ. ಬರಿಗೈಯಲ್ಲಿ ತೋಡಿದಳು. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಸ್ವಲ್ಪ ಮುಂಚೆ ಬಂದಿದ್ದರೆ ಉಳಿಯುತ್ತಿದ್ದ ಎಂದು ಊರು ಆಡಿಕೊಂಡಿತು. ಹೀಗೆ ಹೇಳುವುದಕ್ಕೆ ಊರಿಗೆ ಖರ್ಚೇನು? ಏಕೆ ತಡವಾಯಿತು ಎಂದವರಿಗೆ ಅವಳು, ಮಗು ರಚ್ಚೆ ಹಿಡಿದಿತ್ತು ಎಂದಳು. ಅದು ಸುಳ್ಳು.

ತಿಥಿ ಮುಗಿದ ಮರುದಿನ ಮಧ್ಯಾಹ್ನ ಅವಳಿಗೆ ಆ ಸದ್ದು ಕೇಳಿಸಿತು. ಸರಕ್, ಸರಕ್. ಒದ್ದೆ ಮರಳಿಗೆ ಸಲಿಕೆ ಹಾಕುವ ಸದ್ದು. ಓಡಿಹೋಗಿ ನೋಡಿದರೆ ಗುಂಡಿಯಲ್ಲಿ ಯಾರೂ ಇಲ್ಲ, ಸದ್ದು ಮಾತ್ರ ನಿಂತಿಲ್ಲ. ಕೆಳಗಿಳಿದು ತಾನೇ ಸಲಿಕೆ ಹಿಡಿದಳು. ಆಗ ನಿಂತಿತು.

ಅಂದಿನಿಂದ ಹದಿನೆಂಟು ವರ್ಷ ಅವಳ ಬದುಕು ಹಾಗೆಯೇ ಸಾಗಿತು. ಮಧ್ಯಾಹ್ನವಾದರೆ ಸದ್ದು, ಸದ್ದಾದರೆ ಅವಳು. ಅದು ಅವಳೊಬ್ಬಳಿಗೇ ಕೇಳುತ್ತಿತ್ತು, ಆದರೂ ಬೊಮ್ಮಣ್ಣನ ದೆವ್ವವೆಂದು ಊರವರು ಆ ಹೊತ್ತಿಗೆ ಅತ್ತ ಸುಳಿಯುವುದನ್ನು ಬಿಟ್ಟರು. ಸಾಕಿ ಬೆಳೆಸಿದ ಮಗಳನ್ನು ಶಿರಾದ ಕಡೆ ಕೊಟ್ಟಳು. ಮದುವೆಯ ಚಪ್ಪರದಿಂದಲೂ ನಡುವೆ ಎದ್ದುಹೋಗಿ ಮರಳು ಎತ್ತಿಬಂದಳು. ಒಮ್ಮೆ ಮಧುಗಿರಿಯಿಂದ ಬಂದ ಅಮಲ್ದಾರರು ತಿಳಿನೀರು ನೋಡಿ, "ಗಂಡನ ಸಾವೇ ಈಕೆಯನ್ನು ಇಷ್ಟು ಗಟ್ಟಿ ಮಾಡಿದ್ದು" ಎಂದು ಎಲ್ಲರೆದುರು ಹೊಗಳಿದರು. ಕದರಮ್ಮ ತಲೆ ತಗ್ಗಿಸಿಕೊಂಡಳು. ಹೊಗಳಿಕೆಗೆ ನಾಚಿದಳು ಎಂದುಕೊಂಡರು ಜನ. ಅವಳಿಗಾದದ್ದು ಭಯ.

ಕದರಮ್ಮ ಮಂಡಿ ಹಿಡಿದುಕೊಂಡು ಏಳುವಂತಾದಾಗ ಬೊಮ್ಮಣ್ಣನ ಅಕ್ಕ ಮುದ್ದಕ್ಕನಿಗೆ ನೋಡಿ ತಡೆಯಲಾಗಲಿಲ್ಲ. ಪೂಜಾರಿ ಕಾಡಸಿದ್ದಪ್ಪನನ್ನು ಕರೆತಂದಳು. ಅವನು ಗುಂಡಿಯ ಸುತ್ತ ಒಂದು ಸುತ್ತು ಬಂದು ಹೇಳಿದ:

"ಬರ್ದೇ ಇದ್ದ ಅಂಬ್ಲಿಗೆ ಕಾಯ್ತಾ ಕುಂತವ್ನೆ ಕಣಮ್ಮ. ಅವತ್ತು ತಂದಿದ್ದನ್ನೇ ಹೊತ್ತಿಗೆ ಸರಿಯಾಗಿ ಎಡೆ ಇಕ್ಕು. ಯಾಕೆ ತಡ ಆಯ್ತು ಅಂತ ನಿಜ ಹೇಳಿ ಇಕ್ಕು. ಸುಳ್ಳು ಹೇಳಿದ್ರೆ ಮುಟ್ಟಾಕಿಲ್ಲ."

ಮುಂದಿನ ಸೋಮವಾರ ಕದರಮ್ಮ ಅಂಬಲಿ, ಈರುಳ್ಳಿ ತಂದಳು. ಉಳಿದವರು ಹೊಂಗೆಮರದ ಹತ್ತಿರವೇ ನಿಂತರು. ಗುಂಡಿಯ ತಳದಲ್ಲಿ ಎಡೆ ಇಟ್ಟು, ಹದಿನೆಂಟು ವರ್ಷ ಬಾಯಿಗೆ ಬಾರದ ಮಾತನ್ನು ಮೆಲ್ಲಗೆ ಆಡಿದಳು.

"ಮಗೀ ಅಳ್ತಿರ್ಲಿಲ್ಲ. ದಾರೀಲಿ ಕಾಲುವೆಗೆ ಹೊಂಗೆ ಎಲೆ ಕಟ್ಕಂಡು ನೀರು ಅಡ್ಡ ಹರೀತಿತ್ತು. ನೋಡ್ಕಂಡು ಬರಾಕೆ ಮನಸ್ಸಾಗ್ಲಿಲ್ಲ. ಗಡಿಗೆ ಇಳಿಸಿ ಎಲ್ಲಾ ತೆಗ್ದೆ. ತಿಳಿ ಆಗಾಗಂಟ ಕುಂತಿದ್ದೆ. ಖುಸಿಯಾಗಿತ್ತು ನಂಗೆ. ಇಲ್ಲಿ ಹಿಂಗಾಗ್ತಿತ್ತು, ಅಲ್ಲಿ ನಾನು ಖುಸೀಲಿ ಕುಂತಿದ್ದೆ."

ಮರುದಿನ ಸದ್ದು ಬರಲಿಲ್ಲ.

"ಬುಡುಗಡೆ ಆಯ್ತಲ್ಲೇ ಕದರಿ. ಇನ್ನಾದ್ರೂ ಮನೇಲಿ ಕುಂತ್ಕ" ಎಂದಳು ಮುದ್ದಕ್ಕ. ಕದರಮ್ಮ ಕುಳಿತಳು. ಮಧ್ಯಾಹ್ನವಾದಂತೆ ಕಿವಿ ತಾನಾಗಿ ಹಳ್ಳದ ಕಡೆ ತಿರುಗುತ್ತಿತ್ತು. ಅಲ್ಲಿ ಏನೂ ಇಲ್ಲ. ಸದ್ದಿಗಿಂತ ಆ ಮೌನವೇ ಅವಳನ್ನು ಹೆಚ್ಚು ಹೆದರಿಸಿತು. ಗಂಡ ಎರಡನೆಯ ಸಲ ಸತ್ತಂತೆ ಅತ್ತಳು. ದೆವ್ವವೇ ತನ್ನ ಕೈಯಲ್ಲಿ ಕೆಲಸ ಮಾಡಿಸಿದ್ದು, ತನ್ನದು ಅಂತ ಒಳಗೆ ಏನೂ ಇರಲಿಲ್ಲ ಎಂದುಕೊಂಡಳು.

ಗುಂಡಿಗೆ ಬೇರೆ ಯಾರೂ ಇಳಿಯಲಿಲ್ಲ. ದೆವ್ವ ಹೋಯಿತೆಂದು ಎಲ್ಲರೂ ಹೇಳಿದರು. ಹೋಗಿ ನೋಡುವ ಗಂಡಸು ಮಾತ್ರ ಹುಟ್ಟಲಿಲ್ಲ. ಐದನೆಯ ದಿನಕ್ಕೆ ಕಾಲುವೆಯ ನೀರು ಬೆರಳಗಲಕ್ಕೆ ಇಳಿಯಿತು. ಏಳನೆಯ ದಿನ ಬಿಂದಿಗೆಯ ತಳದಲ್ಲಿ ಕೆಸರು ಕಂಡಿತು. ಹೆಂಗಸರು ಗೊಣಗಿದರು, ಕದರಮ್ಮನನ್ನು ಕೇಳುವುದಕ್ಕೆ ಯಾರಿಗೂ ಮುಖವಿರಲಿಲ್ಲ. ಇನ್ನೆರಡು ಮೂರು ದಿನ, ಆಮೇಲೆ ಒರತೆ ಮುಚ್ಚುತ್ತದೆ ಎಂದು ಅವಳೊಬ್ಬಳಿಗೆ ಸರಿಯಾಗಿ ಗೊತ್ತಿತ್ತು.

ಎಂಟನೆಯ ದಿನ ನೀರಿಗೆಂದು ಹೊರಟವಳು ಕಾಲುವೆಯ ತಿರುವಿನಲ್ಲಿ ನಿಂತಳು. ಹೊಂಗೆಯ ಎಲೆಗಳು ಕಟ್ಟಿಕೊಂಡು ಇದ್ದ ಚೂರು ನೀರೂ ಪಕ್ಕಕ್ಕೆ ಸೋರುತ್ತಿತ್ತು. ಅದೇ ಜಾಗ. ಹದಿನೆಂಟು ವರ್ಷ ಅಲ್ಲಿ ಕಣ್ಣು ಮುಚ್ಚಿಕೊಂಡು ದಾಟಿದ್ದಳು. ಈಗ ಮನಸ್ಸು ಹೂಂ ಅನ್ನುವ ಮೊದಲೇ ಬಿಂದಿಗೆ ಕೆಳಗಿಳಿಯಿತು, ಕೈ ನೀರಿಗಿಳಿಯಿತು. ಎಲೆ ಬಾಚಿದಳು, ಪಾಚಿ ತೆಗೆದಳು. ನೀರು ಮೆಲ್ಲಗೆ ತಿಳಿಯಾಯಿತು. ಎದೆಯೊಳಗೆ ಅದೇ ಹಳೆಯ ಖುಷಿ ಎದ್ದಿತು.

ಅವಳು ತಲೆಯೆತ್ತಿ ಗುಂಡಿಯ ಕಡೆ ನೋಡಿದಳು. ಈಗ ಸದ್ದಾಗಬಹುದು, ಮತ್ತೆ ಯಾರೋ ಹೂತುಹೋಗಿರಬಹುದು ಎಂದು ಕಾದಳು. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅಂದು ಗಂಡನ ಊಟದ ಹೊತ್ತನ್ನು ಮರೆಸಿದ್ದು ಈ ಖುಷಿಯೇ. ದಿನವೂ ಗುಂಡಿಗೆ ಇಳಿಸಿದ್ದೂ ಅದೇ ಇರಬೇಕು, ಭಯದ ಸೆರಗು ಹೊದ್ದುಕೊಂಡು. ಅದನ್ನು ಅವಳು ಇಷ್ಟು ವರ್ಷ ತನ್ನ ಪಾಪ ಎಂದು ತಿಳಿದಿದ್ದಳು. ಅಲ್ಲೇ ಕುಳಿತು ಗಟ್ಟಿಯಾಗಿ ಅತ್ತಳು. ಆಮೇಲೆ ಮನೆಗೆ ಹೋಗಿ ಸಲಿಕೆ ತಂದಳು.

ಮಧ್ಯಾಹ್ನ ಮುದ್ದಕ್ಕ ಜಗುಲಿಯ ಮೇಲೆ ಅವರೆ ಬಿಡಿಸುತ್ತಿದ್ದಳು. ಹಳ್ಳದ ಕಡೆಯಿಂದ ಸದ್ದು ಕೇಳಿಸಿತು. ಸರಕ್, ಸರಕ್. ಇಷ್ಟು ವರ್ಷ ಅದು ಕದರಮ್ಮನ ಸಲಿಕೆ ಎಂದುಕೊಂಡಿದ್ದಳು, ಈಗ ಕದರಮ್ಮ ಮನೆಯಲ್ಲಿ ಕುಳಿತಿದ್ದಾಳಲ್ಲ. ಮೊರ ಚೆಲ್ಲಿ ಎದ್ದು, ಮುದುಕಿ ಎನ್ನುವುದನ್ನೂ ಮರೆತು ಓಡಿದಳು. ದಡದಿಂದ ಮಾರು ದೂರದಲ್ಲಿ ಕಾಲು ನಿಂತಿತು.

"ಬೊಮ್ಮಾ... ನೀನೇನಪ್ಪಾ?"

ಸದ್ದು ನಿಂತಿತು.

"ಅಲ್ಲ ಅಕ್ಕ, ನಾನು ಕಣಕ್ಕ."

ಮುದ್ದಕ್ಕ ದಡದಲ್ಲಿದ್ದ ಮರಳಿನ ಬುಟ್ಟಿಯ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. "ಮತ್ತೆ ಕರೆದ್ನೇನೇ?"

"ಯಾರೂ ಕರೀಲಿಲ್ಲ," ಎಂದಳು ಕದರಮ್ಮ. "ನಾನೇ ಬಂದೆ. ಆ ಮಂಕರಿ ಇತ್ಲಾಗೆ ಕೊಡು."