ಖಂಡೇಪೂಜೆಯ ಮರುದಿನ ಹುಟ್ಟಿದ ಗುಂಯ್ ಸದ್ದು

೧೯೪೪ರಲ್ಲಿ ನಾನು ಹೈದರಾಬಾದಿನಲ್ಲಿ ಸಿನಿಮಾ ಯಂತ್ರಗಳನ್ನು ಮಾರುವ ಒಂದು ಕಂಪನಿಯ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಹೆಸರಿಗೆ ಇಂಜಿನಿಯರ್. ವಯಸ್ಸು ಇಪ್ಪತ್ತಾರು, ಚೀಲದಲ್ಲಿ ಒಂದು ಮೀಟರು, ಬೆಸುಗೆಯ ಸಾಮಾನು, ತಲೆಯ ತುಂಬ ಜಂಬ. ಬೀದರ್ ಕಡೆಯ ಟೂರಿಂಗ್ ಟಾಕೀಸುಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ದಸರಾ ಮುಗಿದು ಹತ್ತು ದಿನವಾಗಿತ್ತು. ಕಲ್ಯಾಣಿಯಿಂದ, ಅಂದರೆ ಈಗಿನ ಬಸವಕಲ್ಯಾಣದಿಂದ, ಆಫೀಸಿಗೆ ಒಂದು ಕಾಗದ ಬಂತು. ಮಷೀನು ಗುಂಯ್ ಎನ್ನುತ್ತಿದೆ, ಕೂಡಲೇ ಯಾರನ್ನಾದರೂ ಕಳಿಸಿರಿ ಎಂದಿತ್ತು.

ಯುದ್ಧದ ಕಾಲ. ಪೆಟ್ರೋಲಿಗೆ ಬರ, ಬಸ್ಸು ಓಡುತ್ತಿದ್ದುದು ಇದ್ದಿಲ ಹೊಗೆಯ ಮೇಲೆ. ಏರು ಬಂದಲ್ಲೆಲ್ಲ ಇಳಿದು ನೂಕುತ್ತ ಹುಮನಾಬಾದ್ ಮುಟ್ಟಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ಕಲ್ಯಾಣಿ ತಲುಪುವಷ್ಟರಲ್ಲಿ ನನ್ನ ಬಿಳಿ ಅಂಗಿಯ ಬಣ್ಣ ಯಾವುದೆಂದು ನನಗೇ ಮರೆತಿತ್ತು. ಕೋಟೆಯಾಚೆಯ ಬಯಲಿನಲ್ಲಿ ಟೆಂಟು. ಅದರ ಮಾಲೀಕರು ಮಂಠಾಳದ ಬಂಡೆಪ್ಪ ಸಾಹುಕಾರರು. ದೊಡ್ಡ ಪೇಟ, ದೊಡ್ಡ ದನಿ, ಮಷೀನೆಂದರೆ ಮನೆದೇವರು. ಅದನ್ನು ನಡೆಸುವ ಆಪರೇಟರ್ ಹುಮನಾಬಾದಿನ ಖಾಜಾಮಿಯಾ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಆ ಟೆಂಟಿನಲ್ಲಿ ಎಂಟು ವರ್ಷ ಕೆಲಸ ಮಾಡಿದ್ದರು.

ಸಾಹುಕಾರರು ನನ್ನನ್ನು ಕೂರಿಸಿದ್ದೇ ತಡ, ದುಃಖ ತೋಡಿಕೊಂಡರು. ಪರದೆಯ ಮೇಲೆ ಹೆಣ್ಣುಮಗಳು ಅಳುತ್ತಾಳೆ, ಜನಕ್ಕೆ ಕೇಳಿಸುವುದು ಜೇನುಹುಳದ ಸದ್ದು. ಮೊದಲ ದಿನ ನಕ್ಕ ಜನ ಮೂರನೆಯ ದಿನ ಎದ್ದುಹೋದರಂತೆ. ಇನ್ನೊಂದು ವಾರ ಹೀಗೇ ಆದರೆ ಟೆಂಟು ಕಿತ್ತುಕೊಂಡು ಊರು ಬಿಡಬೇಕು ಎಂದರು.

ಆ ಯಂತ್ರದ ಬಗ್ಗೆ ನಾಲ್ಕು ಮಾತು ಹೇಳಬೇಕು. ಫಿಲ್ಮಿನ ಅಂಚಿನಲ್ಲಿ ಶಬ್ದದ ಗೀರು ಇರುತ್ತದೆ. ಅದರ ಮೂಲಕ ಹಾದ ಬೆಳಕು ಫೋಟೋಸೆಲ್ ಎಂಬ ಗಾಜಿನ ಕಣ್ಣಿಗೆ ಬಿದ್ದಾಗ ತೀರ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಮೊದಲು ಪ್ರೀಆಂಪ್ಲಿಫೈಯರ್ ಎಂಬ ಚಿಕ್ಕ ಪೆಟ್ಟಿಗೆ ಬೆಳೆಸುತ್ತದೆ, ಆಮೇಲೆ ದೊಡ್ಡ ಆಂಪ್ಲಿಫೈಯರ್. ಪ್ರೀಆಂಪ್ಲಿಫೈಯರಿನಲ್ಲಿ ಸೊಳ್ಳೆ ಸುಳಿದರೆ ಪರದೆಯ ಹಿಂದಿನ ಸ್ಪೀಕರಿನಲ್ಲಿ ಎಮ್ಮೆ ಕೂಗುತ್ತದೆ. ಅದಕ್ಕೇ ಅದರ ಮೊದಲನೆಯ ವಾಲ್ವಿಗೆ, ಅಂದರೆ ಸದ್ದು ಬೆಳೆಸುವ ಗಾಜಿನ ಬುರುಡೆಗೆ, ಲೋಹದ ಡಬ್ಬಿಯೊಂದನ್ನು ಟೊಪ್ಪಿಗೆಯ ಹಾಗೆ ತೊಡಿಸಿರುತ್ತಾರೆ. ಹೊರಗಿನ ವಿದ್ಯುತ್ತಿನ ಸದ್ದು ಒಳಗೆ ನುಸುಳದಂತೆ ತಡೆಯುವುದು ಅದರ ಕೆಲಸ.

ಮಧ್ಯಾಹ್ನ ಎಣ್ಣೆ ಇಂಜಿನ್ ಚಾಲೂ ಮಾಡಿಸಿದೆ. ಗುಂಯ್ ಎಂದಿತು. ಫೋಟೋಸೆಲ್ಲಿಗೆ ರಟ್ಟು ಅಡ್ಡ ಹಿಡಿದೆ, ಸದ್ದು ನಿಲ್ಲಲಿಲ್ಲ. ಮೊದಲನೆಯ ವಾಲ್ವ್ ಕಿತ್ತೆ, ನಿಂತಿತು. ಸರಿ, ರೋಗ ಇರುವುದು ಮೊದಲನೆಯ ಹಂತದಲ್ಲೇ ಎಂದು ಖುಷಿಪಟ್ಟೆ. ವಾಲ್ವ್ ಬದಲಿಸಿದೆ. ಅದೇ ಗುಂಯ್. ಕಂಡೆನ್ಸರ್ ಬದಲಿಸಿದೆ. ಅದೇ ಗುಂಯ್. ಪೆಟ್ಟಿಗೆ ಹೊಚ್ಚ ಹೊಸ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಡಬ್ಬಿಯ ಮೇಲೆ ಕುಂಕುಮದ ಬೊಟ್ಟು. ಎಷ್ಟು ಚೆಂದ ಇಟ್ಟುಕೊಂಡಿದ್ದಾರೆ ಎಂದು ಮೆಚ್ಚಿಕೊಂಡೆ ಬೇರೆ!

ಕೈಲಾಗದವನು ಮೈ ಪರಚಿಕೊಂಡನಂತೆ. ನಾನು ನನ್ನ ಮೈ ಬಿಟ್ಟು ಖಾಜಾಮಿಯಾರ ಮೈ ಪರಚಿದೆ. ಈ ಪೆಟ್ಟಿಗೆಯನ್ನು ಯಾವಾಗ ಬಿಚ್ಚಿದ್ದಿರಿ ಎಂದು ಸಾಹುಕಾರರ ಎದುರಿಗೇ ಮೂರು ಸಲ ಕೇಳಿದೆ. ಮೂರು ಸಲವೂ ಅವರು ನೆಲ ನೋಡುತ್ತ, "ನಾ ಮುಟ್ಟಿಲ್ರಿ" ಎಂದರು. ಹತ್ತು ದಿನದಿಂದ ಮಷೀನು ಅಳುತ್ತಿದ್ದರೂ ಮುಚ್ಚಳ ತೆಗೆದು ನೋಡದವನು ಎಂಥ ಆಪರೇಟರ್ ಎಂದು ಸಾಹುಕಾರರಿಗೆ ಹೇಳಿಬಿಟ್ಟೆ. ರಿಪೋರ್ಟಿನ ಕಾರಣದ ಅಂಕಣದಲ್ಲಿ 'ಆಪರೇಟರನ ಅಜಾಗರೂಕತೆ' ಎಂದು ಬರೆದು ಅಂಚೆಗೂ ಹಾಕಿದೆ. ಸಾಹುಕಾರರು ಆ ಸಂಜೆಯೇ ಖಾಜಾಮಿಯಾರನ್ನು ಕೆಲಸದಿಂದ ತೆಗೆದರು. ಖಾಜಾಮಿಯಾ ಬುತ್ತಿಯ ಡಬ್ಬಿ ಎತ್ತಿಕೊಂಡು ಹುಮನಾಬಾದಿನ ಬಸ್ಸಿನ ಕಡೆಗೆ ನಡೆದರು.

ಮನುಷ್ಯ ಹೋದ, ಗುಂಯ್ ಹೋಗಲಿಲ್ಲ. ಮರುದಿನವೆಲ್ಲ ತಂತಿ ತಂತಿ ತಡವಿದೆ. ಅರ್ಥ್ ಗುಂಡಿ ಅಗೆಸಿ, ಉಪ್ಪು ನೀರು ಸುರಿಸಿದೆ. ಸಿಟ್ಟು ಬಂತು, ನಾಚಿಕೆಯೂ ಬಂತು. ಇದನ್ನು ಹಿಡಿಯದೆ ಹೈದರಾಬಾದಿನ ಬಸ್ಸು ಹತ್ತುವುದಿಲ್ಲ ಎಂದು ಶಪಥ ಮಾಡಿದೆ.

ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಒಂದು ವಿಷಯ ತಲೆಗೆ ಹೊಳೆಯಿತು. ವಾಲ್ವ್ ಬದಲಿಸುವಾಗ ಆ ಡಬ್ಬಿಯನ್ನು ತೆಗೆದಿದ್ದೆ, ತಿರುಗಿ ಹಾಕಿದ್ದೆ. ತೆಗೆದಾಗ ಎಷ್ಟು ಸದ್ದಿತ್ತೋ ಹಾಕಿದಾಗಲೂ ಅಷ್ಟೇ ಇತ್ತು. ಅಂದರೆ ಡಬ್ಬಿ ಇದ್ದೂ ಇಲ್ಲದ ಹಾಗೆ. ಓಡಿಹೋಗಿ ಮೀಟರಿನ ಒಂದು ತುದಿಯನ್ನು ಡಬ್ಬಿಗೂ ಇನ್ನೊಂದನ್ನು ಪೆಟ್ಟಿಗೆಯ ತಳದ ತಗಡಿಗೂ ಚುಚ್ಚಿ ಹಿಡಿದೆ. ಮುಳ್ಳು ಅಲುಗಲಿಲ್ಲ, ಅಂದರೆ ಎರಡಕ್ಕೂ ಸಂಪರ್ಕವೇ ಇಲ್ಲ. ಆ ಡಬ್ಬಿ ಕೂರುವ ಜಾಗದಲ್ಲಿ ಲೋಹಕ್ಕೆ ಲೋಹ ತಾಗಲೇಬೇಕು. ಇಲ್ಲಿ ನಡುವೆ ದಪ್ಪಗೆ ಹಸಿರು ಬಣ್ಣ ಕೂತಿತ್ತು. ಇಂಜಿನ್ ಹಾಕಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಬಣ್ಣ ಗೀರಿ, ಅದೇ ತುದಿಯನ್ನು ಎರಡಕ್ಕೂ ತಾಗಿಸಿ ಹಿಡಿದೆ. ಗುಂಯ್ ನಿಂತಿತು. ತೆಗೆದರೆ ಬಂತು, ಇಟ್ಟರೆ ನಿಂತಿತು.

ಸಾಹುಕಾರರನ್ನು ಕರೆದು, ಬಣ್ಣ ಬಳಿದವರು ಯಾರು ಎಂದು ಕೇಳಿದೆ. ಅವರ ಮುಖ ಅರಳಿತು.

"ನಾನೇ ಹಚ್ಚೇನ್ರಿ. ಖಂಡೇಪೂಜಿಗಿ ಎಲ್ಲಾ ಬಿಚ್ಚಿ, ಒರಸಿ, ಎರಡೆರಡು ಸಲ ಹಚ್ಚೇನಿ. ಖಾಜಾಮಿಯಾ ಆವತ್ತ ಊರಿಗಿ ಹೋಗಿದ್ದ."

ನವಮಿಯ ದಿನ ಆಯುಧಗಳಿಗೆ, ಉಪಕರಣಗಳಿಗೆ ಪೂಜೆ ಮಾಡುವುದು ನಮ್ಮ ಕಡೆ ಎಲ್ಲರ ಪದ್ಧತಿ. ನೇಗಿಲಿಗೆ ಬಣ್ಣ ಹಚ್ಚಿದರೆ ಏನೂ ಕೆಡುವುದಿಲ್ಲ. ಸಾಹುಕಾರರು ವಾಲ್ವಿನ ಡಬ್ಬಿಯನ್ನೂ ಹಾಗೆಯೇ ತಿಳಿದಿದ್ದರು. ನಾನು ಸಂಗತಿ ವಿವರಿಸಿದಂತೆ ಅವರ ದನಿ ಸಣ್ಣದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು. ಹಾಕಿಸಿದವನು ನಾನು, ಹಾಕಿದವರು ಅವರು. ಕೊನೆಗೆ ಸಾಹುಕಾರರು, "ನೀವು ಹೇಳಿದ್ರಿ ಅಂತ ಕಳಿಸೇನಿ. ಈಗ ನೀವೇ ಹೋಗಿ ಕರಕೊಂಡು ಬರ್ರಿ" ಎಂದರು.

ಹುಮನಾಬಾದಿನಲ್ಲಿ ಖಾಜಾಮಿಯಾ ಗೆಳೆಯರೊಬ್ಬರ ಸೈಕಲ್ ಅಂಗಡಿಯಲ್ಲಿ ಗಾಲಿಯ ಕಡ್ಡಿ ಬಿಗಿಯುತ್ತ ಕೂತಿದ್ದರು. ನನ್ನನ್ನು ಕಂಡವರೇ ಎದ್ದು ಸ್ಟೂಲು ಒರೆಸಿ ಕೊಟ್ಟರು, ಚಹಾ ತರಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಪ್ಪು ನನ್ನದು ಎಂದು ಹೇಳಿ, ಬಣ್ಣದ ಸಂಗತಿ ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

"ಅಂದಾಜ ಇತ್ತ್ರಿ. ನವಮಿ ಮುಂಚೆ ಮಷೀನ್ ಚಲೋ ಇತ್ತು, ಮರುದಿನ ಗುಂಯ್ ಅಂತು."

"ಮತ್ತ ಯಾಕ ಹೇಳಲಿಲ್ಲ?"

ಅವರು ಕೈಯಲ್ಲಿದ್ದ ಗಾಲಿಯನ್ನು ಕೆಳಗಿಟ್ಟರು. "ಸಾಬ್, ಅದು ದಣಿ ಪೂಜಾ ಮಾಡಿದ ಡಬ್ಬಿ. ಅದರ ಮ್ಯಾಲ ಕುಂಕುಮ ಅದ. ನಾ ಕೆರದ್ರ, ಖಾಜಾಮಿಯಾ ಪೂಜಿ ಕೆಡಿಸಿದ ಅಂತಾರ ಮಂದಿ. ದಣಿ ಮುಂದ ನಿಂತಾಗ, ನಿಮ್ಮದೇ ತಪ್ಪು ಅಂತ ಹ್ಯಾಂಗ ಹೇಳಲಿ? ನೀವು ನನಗ ಒಬ್ಬನ್ನೇ ಕರದು ಒಮ್ಮಿ ಕೇಳಿದ್ರ ಹೇಳತಿದ್ದೆ."

ಬರುತ್ತೀರಾ ಎಂದು ಕೇಳಿದೆ. ಬರುತ್ತೇನೆ, ಆದರೆ ಒಂದು ಷರತ್ತು ಎಂದರು. "ಡಬ್ಬಿ ನಾ ಕೆರಿಯಂಗಿಲ್ಲರಿ. ದಣಿ ಹಚ್ಚ್ಯಾರ, ದಣಿಯೇ ಕೆರೀಬೇಕು. ಟೆಂಟಿನ ಮಂದಿ ಎಲ್ಲಾ ನೋಡಬೇಕು."

ಸಾಹುಕಾರರು ಒಪ್ಪುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಮರುದಿನ ಖಾಜಾಮಿಯಾರೊಡನೆ ಕಲ್ಯಾಣಿಗೆ ಬಂದು ಷರತ್ತು ತಿಳಿಸಿದಾಗ ಅವರು ಪೇಟ ತೆಗೆದು ಪಕ್ಕಕ್ಕಿಟ್ಟರು. ಗೇಟಿನವರು, ಇಂಜಿನಿನವರು, ಪರದೆ ಕಟ್ಟುವವರು ಎಲ್ಲರನ್ನೂ ಕರೆಸಿದರು. ನಡುವೆ ಚಕ್ಕಳಮಕ್ಕಳ ಕೂತು, ಕುಂಕುಮವನ್ನು ಧೋತರದ ಚುಂಗಿನಿಂದ ಒರೆಸಿ ಕಣ್ಣಿಗೊತ್ತಿಕೊಂಡು, ಚಾಕುವಿನಿಂದ ಡಬ್ಬಿಯ ಅಂಚು ಕೆರೆಯತೊಡಗಿದರು. ಸಾಕೇ ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ, ಖಾಜಾಮಿಯಾರನ್ನು. ಅವರು ಬಗ್ಗಿ ನೋಡಿ, ಇನ್ನೂ ಸ್ವಲ್ಪ ಕೆರೆಯಬೇಕು ಎಂದರು. ಸಾಹುಕಾರರು ಕೆರೆದರು. ನಂತರ ಇಂಜಿನ್ ಹಚ್ಚಿ, ಶಬ್ದವನ್ನು ಪೂರ್ತಿ ಏರಿಸಿದರೂ ಸ್ಪೀಕರು ಉಸಿರೆತ್ತಲಿಲ್ಲ.

"ಇನ್ನ ಮ್ಯಾಲ ಖಂಡೇಪೂಜಿ ದಿನ ನೀ ಊರಿಗಿ ಹೋಗಂಗಿಲ್ಲ, ಖಾಜಾಮಿಯಾ," ಎಂದರು ಸಾಹುಕಾರರು. "ನೀ ಎಲ್ಲಿ ತೋರಸ್ತಿ, ಅಲ್ಲಿ ಅಷ್ಟೇ ಬಣ್ಣ."

ಹೈದರಾಬಾದಿಗೆ ಮರಳಿ ಎರಡನೆಯ ರಿಪೋರ್ಟ್ ಬರೆದೆ. ಕಾರಣ: ಡಬ್ಬಿಯ ಬುಡದಲ್ಲಿ ಬಣ್ಣ. ಆಪರೇಟರನ ತಪ್ಪಿಲ್ಲ, ಮೊದಲ ರಿಪೋರ್ಟು ಇಂಜಿನಿಯರನ ತಪ್ಪು ತೀರ್ಮಾನ. ಇಂಥದ್ದನ್ನೆಲ್ಲ ಬರೆದು ಕಂಪನಿಯ ಮರ್ಯಾದೆ ಕಳೆಯಬೇಡ ಎಂದು ಮ್ಯಾನೇಜರು ಗದರಿದರು. ನಾನು ಹಾಳೆ ವಾಪಸು ಪಡೆಯಲಿಲ್ಲ.

ಆಮೇಲೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ. ಯಂತ್ರಗಳು ಬದಲಾದವು, ವಾಲ್ವುಗಳು ಹೋದವು, ನನ್ನ ಕ್ರಮ ಮಾತ್ರ ಬದಲಾಗಲಿಲ್ಲ. ಎಲ್ಲಿಗೇ ಹೋದರೂ ಮೊದಲು ಮಾಲೀಕರಿಗೆ ಕೈಮುಗಿದು, ನೀವು ಚಹಾ ಕುಡಿದು ಬನ್ನಿ ಎಂದು ಹೊರಗೆ ಕಳಿಸುತ್ತಿದ್ದೆ. ಅವರು ಬಾಗಿಲು ದಾಟಿದ ಮೇಲೆ ಆಪರೇಟರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈಗ ಹೇಳಿ ಎನ್ನುತ್ತಿದ್ದೆ. ಬಹಳ ಸಲ ಚೀಲದಿಂದ ಮೀಟರು ಹೊರಗೆ ಬರುವ ಮೊದಲೇ ಕೆಲಸ ಅರ್ಧ ಮುಗಿದಿರುತ್ತಿತ್ತು.