ಕೆಂಪು ದಾರದ ಕೀಲಿಕೈ

ನನ್ನ ಹೊಲಿಗೆ ಅಂಗಡಿಗೂ ಬೀಗದಣ್ಣನ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಅವರು ಅರ ಹಿಡಿದು ಉಜ್ಜಿದರೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ನಾನು ಮಿಷನ್ ತುಳಿದರೆ ಅವರ ಗೋಡೆಗೆ ನೇತುಹಾಕಿದ ಕೀಲಿಕೈಗಳೆಲ್ಲ ಒಟ್ಟಿಗೆ ನಡುಗುತ್ತವೆ. ಹೀಗೆ ಒಬ್ಬರ ಸದ್ದನ್ನು ಇನ್ನೊಬ್ಬರು ಸಹಿಸಿಕೊಂಡು ವರ್ಷಗಳೇ ಆಗಿಹೋಗಿವೆ. ಅವರನ್ನು ಹೆಸರು ಹಿಡಿದು ಕರೆಯುವವರು ಈ ಬೀದಿಯಲ್ಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವರು ಬೀಗದಣ್ಣ.

ಈಗ ಕಂಡಕಂಡವರಿಗೆಲ್ಲ ಅವರು ಎಂಥವರೆಂದು ಗೊತ್ತಿದೆಯಂತೆ. ಒಂದು ಹಾಡು ಕೇಳಿ ಗೊತ್ತುಮಾಡಿಕೊಂಡ ಮಹಾನುಭಾವರು. ನನಗೆ ಬಂದಿರುವ ಸಿಟ್ಟು ಇಷ್ಟಿಷ್ಟಲ್ಲ, ಅದಕ್ಕೇ ಸೂಜಿ ಬದಿಗಿಟ್ಟು ಪೆನ್ನು ಹಿಡಿದಿದ್ದೇನೆ.

ಮನೆಯ ಬಾಗಿಲು ತಾನಾಗಿ ಮುಚ್ಚಿಕೊಂಡು, ಕೀಲಿಕೈ ಒಳಗೇ ಉಳಿದು, ಪೆಚ್ಚುಮೋರೆ ಹಾಕಿಕೊಂಡು ಬಂದವರು ಕರೆದರೆ ಬೀಗದಣ್ಣ ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಬಾಗಿಲಿಗೆ ನಿಮ್ಮ ಮೇಲೆ ಮುನಿಸು ಬಂದಿದೆ, ಅಷ್ಟೇ, ರಮಿಸೋಣ ಬನ್ನಿ ಎಂದು ನಗಿಸುತ್ತಾ ಹೋಗುತ್ತಾರೆ. ಬೀಗ ತೆಗೆದ ಮೇಲೆ ಒಳಗೆ ಇಣುಕುವುದಿಲ್ಲ. ಬಾಗಿಲನ್ನು ಬೆರಳಗಲ ತಳ್ಳಿ, ಮುಖವನ್ನು ಬೀದಿಯ ಕಡೆ ತಿರುಗಿಸಿ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಮನೆಯವರೇ ಮೊದಲು ಒಳಗೆ ಹೋಗಬೇಕು. ಅವರಪ್ಪ ಕೆಲಸದ ಜೊತೆಗೆ ಕಲಿಸಿದ ಪಾಠ ಅದು. ಅಪ್ಪ ತೀರಿಕೊಂಡ ಮೇಲೆ ಅಂಗಡಿ, ಅಂಗಡಿಯ ಮೇಲಿನ ಪುಟ್ಟ ಮನೆ, ಅಮ್ಮ, ಇನ್ನೂ ಶಾಲೆಗೆ ಹೋಗುತ್ತಿದ್ದ ತಮ್ಮ, ಎಲ್ಲ ಇವರ ಹೆಗಲಿಗೇ ಬಂತು. ತಮ್ಮನನ್ನು ಮನೆಯಲ್ಲಿ ಮರಿ ಎಂದು ಕರೆಯುತ್ತಿದ್ದರು. ಗಡ್ಡ ಬಂದ ಮೇಲೂ ಅವನು ಮರಿಯೇ. ಅವನಿಗೆ ಮೊದಲ ಗಿಟಾರ್ ತಂದುಕೊಟ್ಟವರೂ ಇವರೇ. ಅದರ ಪೆಟ್ಟಿಗೆಯ ಕೊಂಡಿ ಸಡಿಲವಾಗಿದೆಯೆಂದು ಹೊಸದು ಕೂರಿಸಿ, ಒಂದು ಸಣ್ಣ ಬೀಗವನ್ನೂ ಹಾಕಿಕೊಟ್ಟಿದ್ದರು. ಮರಿ ಮೆಟ್ಟಿಲ ಮೇಲೆ ಕೂತು ಬಾರಿಸಿ ಬಾರಿಸಿ ನಮ್ಮೆಲ್ಲರ ತಲೆ ತಿಂದ. ಆಮೇಲೆ ಬೇರೆ ಊರಿಗೆ ಹೋಗಿ, ತಾನೇ ಹಾಡು ಕಟ್ಟಿ ಹಾಡುವುದನ್ನೇ ಬದುಕು ಮಾಡಿಕೊಂಡ. ಅಣ್ಣ ಒಂದು ದಿನವೂ ಬೇಡವೆನ್ನಲಿಲ್ಲ.

ಅವನು ಹೋದ ಕೆಲವು ವರ್ಷಕ್ಕೆ ದೊಡ್ಡಮ್ಮನಿಗೆ ಮರೆವು ಶುರುವಾಯಿತು. ದೊಡ್ಡಮ್ಮ ಎಂದರೆ ಬೀಗದಣ್ಣನ ಅಮ್ಮ, ನಾನು ಕರೆಯುವುದು ಹಾಗೆ. ಮೊದಮೊದಲು ಒಲೆಯ ಮೇಲಿಟ್ಟದ್ದನ್ನು ಮರೆಯುತ್ತಿದ್ದರು, ಆಮೇಲೆ ಒಲೆಯನ್ನೇ ಮರೆತರು. ಒಂದು ಮಧ್ಯಾಹ್ನ ಮೆಟ್ಟಿಲಿಳಿದು ಹೋದವರು ದೂರದ ದೊಡ್ಡ ರಸ್ತೆಯ ನಡುಮಧ್ಯೆ ನಿಂತಿದ್ದರು. ಎರಡೂ ಕಡೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಹುಡುಕಿ ಕರೆತಂದ ವಾರದಲ್ಲೇ ಮತ್ತೆ ಅದೇ ಜಾಗಕ್ಕೆ ಹೋದರು. ಮನೆಬಾಗಿಲಿನ ಹಳೆಯ ಬೀಗಕ್ಕೆ ಒಳಗಡೆ ಕೀಲಿಕೈಯಿಲ್ಲದೆ ತೆಗೆಯುವ ಒಂದು ತಿರುಪು ಇತ್ತು. ಬೇರೆಲ್ಲ ಮರೆತರೂ ಅದನ್ನು ತಿರುಗಿಸುವುದನ್ನು ಅವರ ಬೆರಳು ಮರೆತಿರಲಿಲ್ಲ. ಅದಕ್ಕೇ ಬೀಗದಣ್ಣ ಅದನ್ನು ಕಿತ್ತು, ಎಳೆದರೆ ತಾನಾಗಿ ಬೀಳುವ, ಒಳಗಿನಿಂದಲೂ ಕೀಲಿಕೈ ಹಾಕಿಯೇ ತೆಗೆಯಬೇಕಾದ ಬೀಗ ಕೂರಿಸಿದರು. ಏಕೆಂದು ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ಒಂದು ಕಾಲಕ್ಕೆ ಇಡೀ ಬೀದಿಯ ಜಗಳ ಬಿಡಿಸುತ್ತಿದ್ದ ಹೆಂಗಸು ದೊಡ್ಡಮ್ಮ. ಅವರನ್ನು ನೋಡಿ ಜನ ಅಯ್ಯೋ ಪಾಪ ಎನ್ನುವುದು ಮಗನಿಗೆ ಬೇಡವಾಗಿತ್ತು.

ನನಗೆ ಮಾತ್ರ ಹೇಳಿದರು. ಬೆಂಕಿಗಿಂಕಿ ಬಿದ್ದರೆ ತೆಗೆಯಲು ಒಂದು ಕೀಲಿಕೈ ಹತ್ತಿರದವರ ಬಳಿ ಇರಬೇಕಿತ್ತಲ್ಲ. ಮೂರು ಕೊರೆದರು. ಯಾರದು ಯಾವುದೆಂದು ಗೊತ್ತಾಗುವಂತೆ ಏನಾದರೂ ಸುತ್ತಿಕೊಡು ತಂಗಿ ಎಂದರು. ನಾನು ಗುಂಡಿಯ ಕಾಜಾ ಹೊಲಿಯುವ ದಪ್ಪ ದಾರ ತೆಗೆದು ಅವರದಕ್ಕೆ ನೀಲಿ, ನನ್ನದಕ್ಕೆ ಹಳದಿ, ಮರಿಯದಕ್ಕೆ ಕೆಂಪು ಸುತ್ತಿ, ಬಿಚ್ಚಿ ಬರದಂತೆ ಸೂಜಿಯಲ್ಲಿ ಗಂಟು ಕಟ್ಟಿದೆ.

ಅವತ್ತೇ ಮರಿ ಬಂದ, ಸುದ್ದಿ ಕೊಡದೆ. ಬಿಸಿಲು ಚುರುಗುಟ್ಟುವ ಮಧ್ಯಾಹ್ನ. ನೇರ ಮೆಟ್ಟಿಲು ಹತ್ತಿ ತನ್ನ ಹಳೆಯ ಕೀಲಿಕೈ ಹಾಕಿದ. ತಿರುಗಲಿಲ್ಲ. ಕೆಳಗಿಳಿದು ಅಂಗಡಿಗೆ ಬಂದ. ಅಣ್ಣ ನಕ್ಕು, ಬೀಗ ಏಕೆ ಬದಲಾಯಿಸಿದ್ದೆಂದು ದನಿ ತಗ್ಗಿಸಿ ಹೇಳಿ, ಕೆಂಪು ದಾರದ್ದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ನಾನು ಕಣ್ಣಾರೆ ಕಂಡಿದ್ದೇನೆ. ಅವನು ಹೊರಗೆ ನಿಂತದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಅಲ್ಲ. ಎರಡು ದಿನ ಅಣ್ಣನ ಕೈಯಡುಗೆ ಉಂಡು ಹೊರಟುಹೋದ.

ಮರುವರ್ಷ ಒಂದು ಹಾಡು ನನ್ನ ಫೋನಿಗೆ ಬಂತು. ಗಿರಾಕಿಯೊಬ್ಬಳು ಕಳಿಸಿದ್ದಳು. ಹಾಡಿದವನಿಗೆ ಯಾವುದೋ ಹೊಸ ಹೆಸರು, ಯಾರೋ ಏನೋ ಎಂದುಕೊಂಡೆ. ಒಂದೇ ಗಿಟಾರ್, ಅದೂ ಮೆಲ್ಲಗೆ. ದನಿ ಏರುವುದೇ ಇಲ್ಲ, ಪಕ್ಕದಲ್ಲಿ ಕೂತು ನಮಗೊಬ್ಬರಿಗೇ ಹೇಳಿಕೊಂಡಂತೆ.

ಅಣ್ಣಾ, ಬೀಗ ಬದಲಿಸಿಬಿಟ್ಟೆಯಲ್ಲ,
ನನ್ನ ಕೀಲಿಕೈಗೆ ಮನೆಯೇ ಇಲ್ಲ.

'ಮನೆಯೇ' ಎಂದು ನಿಲ್ಲಿಸುತ್ತಾನೆ. 'ಇಲ್ಲ' ಎನ್ನುವ ಮೊದಲು ಒಂದು ಉಸಿರಿನಷ್ಟು ಬಿಡುವು. ಕೇಳುವವರು ತಮ್ಮ ತಮ್ಮ ಬಾಗಿಲನ್ನು ತಂದು ಆ ಬಿಡುವಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ನಾನು ನನ್ನಪ್ಪನ ಮನೆಯ ಹಸಿರು ಬಾಗಿಲು ತಂದುಕೊಂಡೆ. ಇಷ್ಟಪಟ್ಟವನನ್ನು ಕಟ್ಟಿಕೊಂಡೆನೆಂದು ಅದು ನನ್ನ ಮುಖಕ್ಕೆ ಮುಚ್ಚಿದ್ದು ಇನ್ನೂ ತೆರೆದಿಲ್ಲ. ಮಿಷನ್ ನಿಲ್ಲಿಸಿ ಬಿಕ್ಕಿ ಬಿಕ್ಕಿ ಅತ್ತೆ, ಮುಂದಿನ ಸಾಲುಗಳು ಕಿವಿಗೇ ಬೀಳಲಿಲ್ಲ, ಯಾರದೋ ರೇಷ್ಮೆ ಬಟ್ಟೆಗೆ ಕಣ್ಣೀರಿನ ಕಲೆಯಾಯಿತು. ಅತ್ತ ಮೇಲೆ ಎದೆ ಹಗುರಾಯಿತು. ಮತ್ತೆ ಹಾಕಿದೆ.

ಹಲಗೆಯಾಚೆ ಅರದ ಸದ್ದು ನಿಂತಿತು. ಬೀಗದಣ್ಣ ನನ್ನ ಬಾಗಿಲಿಗೆ ಬಂದರು, ಮುಖವೆಲ್ಲ ನಗು. "ಇದು ನಮ್ಮ ಮರಿ ಅಲ್ವಾ? ಸ್ವಲ್ಪ ಜೋರಾಗಿಡು ತಂಗಿ" ಎಂದರು. ಇಟ್ಟೆ. ಹಾಡಿನಲ್ಲಿ ಮಳೆ ಸುರಿಯುತ್ತಿತ್ತು, ರಾತ್ರಿಯಾಗಿತ್ತು. ಕೆಳಗೆ ಬೀಗದ ಅಂಗಡಿ, ಮೇಲೆ ಕಿಟಕಿಯಲ್ಲಿ ಅಮ್ಮನ ದೀಪ. ಬಾಗಿಲು ಬಡಿದರೂ ಅಣ್ಣ ತೆಗೆಯುವುದಿಲ್ಲ, ದೀಪವನ್ನೂ ಆರಿಸಿಬಿಡುತ್ತಾನೆ. ಬೀಗದಣ್ಣನ ಮುಖದ ನಗುವಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಹಾಡು ಮುಗಿಯುವ ತನಕ ನಿಂತಿದ್ದು, ಚೆನ್ನಾಗಿ ಹಾಡಿದಾನೆ ಎಂದು ಹೇಳಿ ಹೋದರು. ಅವತ್ತು ಸಂಜೆಯ ತನಕ ಅರದ ಸದ್ದು ಕೇಳಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಮರಿ ಬಂದಿದ್ದ ದಿನ ಒಂದು ಹನಿ ಮಳೆ ಇರಲಿಲ್ಲ, ನನ್ನ ಬಟ್ಟೆಗಳು ಹೊರಗೆ ಒಣಗುತ್ತಿದ್ದವು.

ಹಾಡು ಎಲ್ಲರ ಬಾಯಿಗೆ ಬಿತ್ತು. ಹಾಡಿನ ಅಂಗಡಿ ಇದೇ ಎಂದು ಯಾರೋ ಪತ್ತೆ ಹಚ್ಚಿ ಅದರ ಚಿತ್ರವನ್ನು ಇಂಟರ್ನೆಟ್ಟಿಗೆ ಹಾಕಿದರು. ಕಾಲೇಜಿನ ಹುಡುಗ ಹುಡುಗಿಯರು ಬಂದು ಮೆಟ್ಟಿಲ ಮೇಲೆ ಕೂತು ಹೋಗತೊಡಗಿದರು. ಸೂಟ್‌ಕೇಸಿನ ಬೀಗ ತೆಗೆಸಲು ಬಂದಿದ್ದ ಹೆಂಗಸೊಬ್ಬಳು, ನೀವೇನಾ ಆ ಅಣ್ಣ ಎಂದು ಕೇಳಿ ಸೂಟ್‌ಕೇಸ್ ವಾಪಸ್ ಎಳೆದುಕೊಂಡು ಹೋದಳು. ಷಟರ್ ಮೇಲೆ ಸೀಮೆಸುಣ್ಣದಲ್ಲಿ 'ಬಾಗಿಲು ತೆಗಿ' ಎಂದು ಬರೆದಿರುತ್ತಿತ್ತು. ಬೀಗದಣ್ಣ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುವರು, ಮರುದಿನ ಯಾರೋ ಮತ್ತೆ ಬರೆದಿರುವರು. ನಾನು ಒಂದಿಬ್ಬರನ್ನು ಬಾಯಿಗೆ ಬಂದಂತೆ ಬೈದು ಓಡಿಸಿದೆ. ಬೀಗದಣ್ಣ ಮಾತ್ರ ತಲೆಬಗ್ಗಿಸಿ ಅರ ಉಜ್ಜುತ್ತಿದ್ದರು.

"ನೀವ್ಯಾಕೆ ಸುಮ್ನಿದೀರಾ ಅಣ್ಣ? ಇದ್ದದ್ದು ಇದ್ದ ಹಾಗೆ ಹೇಳಿಬಿಡಿ" ಎಂದೆ.

"ಬೀಗ ಯಾಕೆ ಬದಲಾಯಿಸಿದೆ ಅಂತ ಹೇಳಿದ್ರೆ ಅಮ್ಮನ ವಿಷ್ಯ ಹೇಳಿದ ಹಾಗಾಯ್ತಲ್ಲ" ಎಂದರು. "ಅವಳನ್ನ ನೋಡೋಕೆ ಜನ ಮೆಟ್ಟಿಲು ಹತ್ತೋದು ಬೇಡ. ನನ್ನನ್ನ ಏನಾದ್ರೂ ಅಂದ್ಕೊಳ್ಲಿ."

ಆದರೂ ಮನುಷ್ಯರಲ್ಲವೇ. ಒಂದು ದಿನ ತಮ್ಮನಿಗೆ ಫೋನ್ ಮಾಡಿದರು, ಹಲಗೆಯೀಚೆ ನನಗೆಲ್ಲ ಕೇಳಿಸಿತು. ಬೈಯಲಿಲ್ಲ. ಹಾಡು ಚೆನ್ನಾಗಿದೆ ಎಂದೇ ಶುರುಮಾಡಿದರು. ಕೊನೆಯಲ್ಲಿ ಒಂದು ಸಾಲು ಸೇರಿಸಲು ಆಗುತ್ತದಾ, ಅಣ್ಣ ಹೊಸ ಕೀ ಕೊಟ್ಟ ಅಂತ, ಅಷ್ಟೇ ಸಾಕು ಎಂದರು. ಆ ಕಡೆಯವನು ಏನು ಹೇಳಿದನೋ, ಇವರು ಬಹಳ ಹೊತ್ತು ಹೂಂಗುಟ್ಟಿದರು. ಆಮೇಲೆ ನನ್ನ ಹತ್ತಿರ ಬಂದು, ಲೆಕ್ಕ ತಪ್ಪಿದವರಂತೆ ನಿಂತರು.

"ಕೀ ಕೊಟ್ಟುಬಿಟ್ರೆ ಹಾಡೇ ಇರಲ್ಲ ಅಣ್ಣ ಅಂತಾನೆ. ಹಾಡಲ್ಲಿರೋ ಅಣ್ಣ ನೀನಲ್ಲ ಅಂತಾನೆ. ಹಾಗಾದ್ರೆ ಅವನಿಗೆ ಇನ್ನೊಬ್ಬ ಅಣ್ಣ ಯಾರಿದಾನೆ ತಂಗಿ?"

ಮರಿ ಹೇಳಿದ್ದು ಸುಳ್ಳಲ್ಲ ಎನ್ನುವುದೇ ನನ್ನ ಹೊಟ್ಟೆ ಉರಿಸಿದ್ದು. ಹಾಡಿನವನಿಗೆ ಕೀಲಿಕೈ ಸಿಕ್ಕಿದ್ದರೆ ನಾನೂ ಅಳುತ್ತಿರಲಿಲ್ಲ.

ಕೆಲವು ತಿಂಗಳಿಗೆ ಮರಿ ನಮ್ಮ ಊರಿಗೇ ಹಾಡಲು ಬರುತ್ತಾನೆಂದು ಗೋಡೆಗೋಡೆಗೂ ಅವನ ಚಿತ್ರ ಬಿತ್ತು. ಪುರುಸೊತ್ತಾದರೆ ಮನೆಗೂ ಬರುತ್ತೇನೆ ಎಂದಿದ್ದನಂತೆ. ಬೀಗದಣ್ಣ ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿದರು. ನನಗಾದರೆ ಆ ಹಾಸಿಗೆಗೆ ನೀರು ಸುರಿಯಬೇಕೆನಿಸಿತು. ಅಮ್ಮನನ್ನು ಬಿಟ್ಟು ಅವರು ಹೋಗುವಂತಿರಲಿಲ್ಲ, ನನ್ನನ್ನು ಕಳಿಸಿದರು. ಹೇಗಿದ್ದಾನೆ, ಸೊರಗಿದ್ದಾನಾ, ನೋಡಿಕೊಂಡು ಬಾ ಎಂದರು.

ಸೊರಗಿರಲಿಲ್ಲ. ಸಭಾಂಗಣ ತುಂಬಿತ್ತು. ನಾನು ಜಗಳವಾಡಿ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದೆ. ಕೊನೆಗೆ ಆ ಹಾಡು ಬಂತು. ದೀಪ ಮಂದವಾಯಿತು. 'ಅಣ್ಣಾ' ಎಂದು ಅವನು ಬಾಯಿ ತೆರೆದದ್ದೇ ತಡ, ನನ್ನ ಕಣ್ಣು ತುಂಬಿಬಂತು. ಎಲ್ಲ ಗೊತ್ತಿದ್ದ ನನ್ನ ಕಣ್ಣು. ಮರಿಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೆ ನನಗೇ ಬಂತು. ಪಕ್ಕದಲ್ಲಿ ವಯಸ್ಸಾದವರೊಬ್ಬರು ಕರವಸ್ತ್ರ ಕಚ್ಚಿಕೊಂಡು ಅಳುತ್ತಿದ್ದರು. ಹಾಡು ಮುಗಿದು ಯಾರೂ ಕೆಮ್ಮದೆ ಕೂತಿದ್ದಾಗ, ಮರಿ ಅಂಗಿಯೊಳಗಿನಿಂದ ಕುತ್ತಿಗೆಯ ಸರ ಎಳೆದು, ಅದರಲ್ಲಿ ತೂಗುತ್ತಿದ್ದ ಕೀಲಿಕೈಯನ್ನು ಬೆಳಕಿಗೆ ಹಿಡಿದ.

"ಅದು ಇದೇ ಕೀ. ಇವತ್ತಿಗೂ ನನ್ನ ಹತ್ರ ಇದೆ. ಯಾವ ಬಾಗಿಲಿಗೂ ಆಗಲ್ಲ" ಎಂದ.

ಅದರ ತಲೆಗೆ ಕೆಂಪು ದಾರ ಸುತ್ತಿತ್ತು. ಕಾಜಾ ಹೊಲಿಯುವ ದಾರ, ನನ್ನ ಕೈಯಾರೆ ಹಾಕಿದ ಗಂಟು. ಅಣ್ಣ ಕೊಟ್ಟ ಹೊಸ ಕೀಲಿಕೈಯನ್ನೇ, ಅಣ್ಣ ಹೊರಗಟ್ಟಿದ ಗುರುತೆಂದು ತೋರಿಸುತ್ತಿದ್ದ. ಎದ್ದು ಕೂಗಬೇಕೆನಿಸಿತು. ಆದರೆ ಪಕ್ಕದವರು ತಮ್ಮ ಯಾವ ಬಾಗಿಲಿನ ಮುಂದೆ ನಿಂತಿದ್ದರೋ, ಅವರನ್ನು ಅಲ್ಲಿಂದ ಎಬ್ಬಿಸಲು ನನಗೆ ಬಾಯಿ ಬರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮರಿ ಹಿಂಬಾಗಿಲಲ್ಲೇ ಕಾರು ಹತ್ತಿ ಹೊರಟುಹೋದನೆಂದು ಆಮೇಲೆ ತಿಳಿಯಿತು.

ಬೆಳಿಗ್ಗೆ ದೊಡ್ಡಮ್ಮನಿಗೆಂದು ಹೊಲಿದ ಗೌನು ತೆಗೆದುಕೊಂಡು ಮೇಲೆ ಹೋದೆ. ಮುಂದೆ ಗುಂಡಿಯಿದ್ದರೆ ಬಿಚ್ಚಿಹಾಕುತ್ತಾರೆಂದು ಬೆನ್ನಿಗೆ ಗುಂಡಿ ಇಟ್ಟಿದ್ದೆ. ಬಿಸಿಲಿಗೆ ಹಾಕಿದ್ದ ಹಾಸಿಗೆ ಹಾಸಿದ ಹಾಗೇ ಇತ್ತು, ಒಂದು ಸುಕ್ಕೂ ಇರಲಿಲ್ಲ. ಗುಂಡಿ ಹಾಕುತ್ತಲೇ ಬೀಗದಣ್ಣನಿಗೆ ಎಲ್ಲವನ್ನೂ ಹೇಳಿದೆ, ಕೆಂಪು ದಾರದ್ದನ್ನೂ. ಅವರು "ಕುತ್ತಿಗೇಲೇ ಹಾಕ್ಕೊಂಡಿದ್ನಾ?" ಎಂದು ಕೇಳಿದರು.

ಹೌದೆಂದೆ.

"ಹಾಗಾದ್ರೆ ಕಳ್ಕೊಂಡಿಲ್ಲ" ಎಂದರು. ಹೇಳಿದ ಮೇಲೆ ಆ ಮಾತು ಅವರಿಗೇ ತಟ್ಟಿತೇನೋ, ಗೋಡೆಯ ಕಡೆ ತಿರುಗಿಬಿಟ್ಟರು. ಅವರ ಹೆಗಲು ಅಲುಗುವುದನ್ನು ನಾನು ಮೊದಲ ಸಲ ನೋಡಿದೆ.

ಅಷ್ಟರಲ್ಲಿ ಕೆಳಗೆ ಗಿಟಾರ್ ಕೇಳಿಸಿತು. ಹಿಂದಿನ ಸಂಜೆಯ ಗುಂಗು ಇಳಿಯದ ಹುಡುಗ ಹುಡುಗಿಯರು ಮೆಟ್ಟಿಲ ಬುಡದಲ್ಲಿ ಕೂತು, ಮೆಲ್ಲಗೆ, ಅದನ್ನೇ ಹಾಡುತ್ತಿದ್ದರು. ದೊಡ್ಡಮ್ಮ ತಲೆಯೆತ್ತಿ ಕೇಳಿಸಿಕೊಂಡರು. ತಿಂಗಳುಗಳಿಂದ ಯಾವುದಕ್ಕೂ ಅಲುಗದ ಮುಖ ಅಲುಗಿ, ಕಣ್ಣಿಂದ ನೀರು ಇಳಿಯಿತು. ಎದ್ದು ಬಾಗಿಲಿಗೆ ಹೋಗಿ, ಹಳೆಯ ತಿರುಪು ಇದ್ದ ಜಾಗವನ್ನು ಬೆರಳಲ್ಲಿ ತಡಕಾಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ಯಾರಪ್ಪ ನೀನು? ನನ್ನ ಮಗೂನ ಹೊರಗೆ ಯಾಕೆ ನಿಲ್ಲಿಸಿದೀಯ? ಮಳೇಲಿ ನೆನೀತಿದಾನೆ ಅವನು. ಬಾಗಿಲು ತೆಗಿ."

ಹೊರಗೆ ಹದವಾದ ಬಿಸಿಲಿತ್ತು. ಬೀಗದಣ್ಣ ಅಮ್ಮನ ಮುಖವನ್ನೇ ನೋಡಿದರು. ಜೇಬಿನಿಂದ ನೀಲಿ ದಾರದ ಕೀಲಿಕೈ ತೆಗೆದು, ಬಾಗಿಲು ತೆರೆದು, ತಾವು ಹೊರಗೆ ಹೋಗಿ ಎಳೆದುಕೊಂಡರು. ಬೀಗ ಬಿತ್ತು. ಕೆಳಗೆ ಹಾಡು ಥಟ್ಟನೆ ನಿಂತಿತು, ಅವರನ್ನು ಕಂಡು ಹೆದರಿರಬೇಕು. ಒಂದು ಗಳಿಗೆ ಬಿಟ್ಟು ಹೊರಗಿನಿಂದ ಬಾಗಿಲು ಬಡಿದ ಸದ್ದಾಯಿತು, ಮೆಲ್ಲಗೆ, ಚಿಕ್ಕವರು ಬಡಿದಂತೆ. ನಾನು ಹಳದಿ ದಾರದ್ದನ್ನು ಹಾಕಿ ತೆಗೆದೆ.

ದೊಡ್ಡಮ್ಮ ಎರಡೂ ಕೈಯಲ್ಲಿ ಅವರ ಕೆನ್ನೆ ಹಿಡಿದರು. ಒದ್ದೆಯೇ ಆಗದ ತಲೆಯನ್ನು ತಮ್ಮ ಹೊಸ ಗೌನಿನ ತೋಳಿನಿಂದ ಒರೆಸಿದರು. "ಬಂದ್ಯಾ ಮರಿ? ಎಷ್ಟು ಹೊತ್ತು ನಿಂತಿದ್ಯೋ ಕಂದ" ಎಂದರು.

"ಬಂದೆ ಅಮ್ಮ."

ದೊಡ್ಡಮ್ಮ ಅವರನ್ನು ಹತ್ತಿರಕ್ಕೆ ಎಳೆದುಕೊಂಡು ಗುಟ್ಟಿನಲ್ಲಿ ಕೇಳಿದರು. "ಆ ಬೀಗ ಹಾಕೋನು ಹೋದ್ನಾ?"

"ಹೋದ ಅಮ್ಮ" ಎಂದರು ಬೀಗದಣ್ಣ. ಅಮ್ಮನ ಕೈಯನ್ನು ಕೆನ್ನೆಯ ಮೇಲೆ ಹಾಗೇ ಇರಗೊಟ್ಟು, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ಸದ್ದಾಗದಂತೆ ಬಾಗಿಲನ್ನು ಒತ್ತಿ ಬೀಗ ಹಾಕಿದರು.