ಅಂಗೈಯೊಳಗೆ ಹೊರಳಿದ ಮಣ್ಣು

ದೆವ್ವ, ಶಕುನ, ಕನಸಿನ ಫಲ, ಇಂಥ ಮಾತು ಎತ್ತಿದವರನ್ನು ನಾನು ಕಾಲೇಜಿನ ದಿನಗಳಿಂದಲೂ ಗೋಳು ಹೊಯ್ದುಕೊಂಡವನು. ಅಳೆದು ತೋರಿಸು, ನಂಬುತ್ತೇನೆ. ಇಲ್ಲದಿದ್ದರೆ ಹೋಗು, ಇದು ನನ್ನ ಜಾಯಮಾನ. ಈಗಲೂ ಹೆಚ್ಚುಕಡಿಮೆ ಹಾಗೇ ಇದ್ದೇನೆ. ಅದಕ್ಕೇ ಈ ಒಂದು ಸಂಗತಿ ಹೇಳಲು ನನಗೇ ನಾಚಿಕೆ. ನಂಬಿರೆಂದು ನಿಮಗೆ ಗಂಟುಬೀಳುವುದಿಲ್ಲ.

ಐವತ್ತರ ದಶಕದ ನಡುವಿನ ಮಾತು. ಗಜೇಂದ್ರಗಡದ ಬದಿಯ ರಾಜೂರಿನವನಾದ ನಾನು ಮುಂಬಯಿಯ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆಗೆ ಕುಳಿತಿದ್ದೆ. ಥೋರಿಯಂನಂಥ ಭಾರವಾದ ಧಾತುಗಳ ಪರಮಾಣುಗಳು ತಾವಾಗಿಯೇ ಒಡೆಯುತ್ತ, ಕಿರಣ ಬಿಡುತ್ತ ಬೇರೆ ಧಾತುವಾಗುತ್ತವೆ. ಆ ಕಿರಣಗಳನ್ನು ಅಳೆದು, ಪರಮಾಣುವಿನ ನಡುವಿನ ಬೀಜದ ಆಕಾರ ಎಂಥದೆಂದು ಹೇಳುವುದು ನನ್ನ ಕೆಲಸ. ಯಾರೂ ಕಣ್ಣಾರೆ ಕಾಣಲಾಗದ ವಸ್ತು ಅದು. ಚೆಂಡಿನಂತೆ ದುಂಡಗಿದೆಯೋ, ಸೌತೆಕಾಯಿಯಂತೆ ಎರಡೂ ತುದಿ ಸಮನಾಗಿ ಉದ್ದವಿದೆಯೋ? ಎರಡಕ್ಕೂ ನನ್ನ ಅಳತೆ ಹೊಂದಲಿಲ್ಲ. ಒಂದು ಕ್ಷೀಣ ಕಿರಣ ಯಾವ ಲೆಕ್ಕಕ್ಕೂ ಕೂಡದೆ ಉಳಿಯುತ್ತಿತ್ತು. ಯಂತ್ರದ ದೋಷವೆಂದು ಅದನ್ನು ಬದಿಗಿಟ್ಟಿದ್ದೆವು.

ಮಳೆಗಾಲ ಮುಗಿಯುವುದರೊಳಗೆ ಉತ್ತರ ಸಿಗದಿದ್ದರೆ ಈ ಕೆಲಸ ಮುಚ್ಚುವುದೆಂದು ನನ್ನ ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಮುಚ್ಚಿದರೆ ನಾನು ಊರಿಗೆ ಬಂದು ಅಪ್ಪನ ಅರಿವೆ ಅಂಗಡಿಯ ಗಾದಿಯ ಮೇಲೆ ಕೂಡಬೇಕು. ಆ ಚಿಂತೆಗೆ ಊಟ ಸೇರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಊರಿಗೆ ಬಂದೆ. ಎರೆಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುವ ದಿನ ಅದು. ಅವ್ವ ಮಣ್ಣು ನೆನೆಸಿ, ನಾದಿ, ನನ್ನ ಮುಂದೆ ಇಟ್ಟು ಹೋದಳು. ಮೊದಲು ಮೈಗೊಂದು ಉಂಡೆ ಕಟ್ಟಿ, ಆಮೇಲೆ ಅದರಿಂದಲೇ ಕಾಲು, ಬೆನ್ನ ಮೇಲಿನ ಹಿಣಿಲು, ಕೋಡು ಎಳೆಯಬೇಕು.

ಪಡಸಾಲೆಯಲ್ಲಿ ಕುಳಿತು ಉಂಡೆ ಕಟ್ಟತೊಡಗಿದೆ. ಮೋಡ ಕವಿದು ಮಧ್ಯಾಹ್ನವೇ ಸಂಜೆಯಾದಂತಿತ್ತು. ಒಳಗಿನಿಂದ ಹೋಳಿಗೆಯ ಬೇಳೆ ಬೇಯುವ ವಾಸನೆ ಬರುತ್ತಿತ್ತು. ನನ್ನ ಕಣ್ಣು ಮುಚ್ಚಿದ್ದವೋ ತೆರೆದಿದ್ದವೋ, ಆಣೆ ಮಾಡಿ ಹೇಳಲಾರೆ. ಅಂಗೈಗಳ ನಡುವೆ ಉಂಡೆ ಮೆಲ್ಲಗೆ ತಾನೇ ಹೊರಳತೊಡಗಿತು. ಕೈ ನಿಲ್ಲಿಸಿದೆ. ಅದು ನಿಲ್ಲಲಿಲ್ಲ. ನಮ್ಮ ಯಂತ್ರ ಕಿರಣ ಎಣಿಸುವಾಗಿನ ಟಕ್ ಟಕ್ ಸಪ್ಪಳ ಭಾಳ ದೂರದಿಂದ ಕೇಳಿಬಂತು. ಉಂಡೆ ಉದ್ದವಾಯಿತು. ಆಮೇಲೆ ಒಂದೇ ತುದಿ ಉಬ್ಬಿತು, ಇನ್ನೊಂದು ಸಣ್ಣಗಾಯಿತು. ಮತ್ತೆ ದುಂಡಗೆ ಒತ್ತಿದೆ. ಮತ್ತೆ ಅದೇ ತುದಿ ಉಬ್ಬಿತು. ಹೆದರಿಕೆಯಾಗಲಿಲ್ಲ, ಖರೇ ಹೇಳಬೇಕೆಂದರೆ, ಎಷ್ಟೋ ದಿನಗಳ ಮೇಲೆ ಹಾಯೆನಿಸಿತು.

“ಎತ್ತು ಮಾಡು ಅಂದ್ರ ಬದ್ನಿಕಾಯಿ ಮಾಡ್ಕೋತ ಕುಂತೀಯೇನೋ?” ಅವ್ವ ಬಾಗಿಲಲ್ಲಿ ನಿಂತಿದ್ದಳು.

“ನಾ ಮಾಡಿಲ್ಲ ಯವ್ವಾ, ತಾನ ಹಂಗಾತು.”

“ಹೂಂ, ಕುಣಿಲಾರದಾಕಿ ನೆಲ ಡೊಂಕ ಅಂದ್ಲಂತ. ಕೊಡಿಲ್ಲೆ.” ಕೈಗೆ ತೆಗೆದುಕೊಂಡವಳು ಅದನ್ನು ಇನ್ನೊಂದು ಕೈಗೆ ದಾಟಿಸಿದಳು. “ಹಸಿ ಮಣ್ಣು, ಇಷ್ಟ್ಯಾಕ ಬೆಚ್ಚಗೈತೋ?” ಎಂದಳು. ಪೂಜೆಗೆ ತಂದ ಮಣ್ಣು ಚೆಲ್ಲಬಾರದೆಂದು, ತಾನೇ ಎತ್ತು ಮಾಡಿ, ಅವುಗಳ ಪಕ್ಕಕ್ಕೆ ಅದನ್ನೂ ಇಟ್ಟು ಕುಂಕುಮ ಹಚ್ಚಿದಳು.

ಮುಂಬಯಿಗೆ ಮರಳಿದವನೇ ಲೆಕ್ಕ ಹೊಸದಾಗಿ ಹಾಕಿದೆ. ಬೀಜದ ಒಂದು ತುದಿ ಆ ಉಂಡೆಯಂತೆ ದಪ್ಪಗಿದ್ದರೆ ಆ ಬೇವಾರಸಿ ಕಿರಣ ಇರಲೇಬೇಕಿತ್ತು, ನಾನು ಕಂಡ ಜಾಗದಲ್ಲೇ. ಯಂತ್ರ ಬಿಚ್ಚಿ, ಒರೆಸಿ, ಮತ್ತೆ ಮತ್ತೆ ಅಳೆದೆ. ಇತ್ತು. ಕೆಲಸ ಉಳಿಯಿತು, ನಾನೂ ಉಳಿದೆ.

ಇದು ಹೇಗೆ ಹೊಳೆಯಿತೆಂದು ಮಾರ್ಗದರ್ಶಕರು ಕೇಳಿದರು. ಅವರೂ ನಮ್ಮ ಕಡೆಯವರೇ, ನರಗುಂದದವರು. ದೇವರ ಗುಡಿಯ ಮುಂದೆ ಹಾಯ್ದರೂ ಕೈಮುಗಿಯದ ಮನುಷ್ಯ. ನಕ್ಕರೆ ನಗಲಿ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಗಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ, ನನ್ನ ಎರಡೂ ಕೈ ಹಿಡಿದು, ಅಂಗೈಗಳನ್ನು ಬಹಳ ಹೊತ್ತು ನೋಡಿದರು.

“ನನಗೂ ಒಮ್ಮೆ ಬಂದಿತ್ತು,” ಎಂದರು. “ನಾ ಹೆದರಿ ಕೈ ಬಿಟ್ಟೆ.”

ಏನು ಬಂದಿತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರು ಅಂದು ನಕ್ಕು, ನಿನಗೆ ಮಂಪರು ಹತ್ತಿತ್ತು ಎಂದುಬಿಟ್ಟಿದ್ದರೆ ಎಷ್ಟು ಚಲೋ ಇತ್ತು ಎಂದು ಈಗಲೂ ಅನಿಸುತ್ತದೆ.